ಮುತ್ತಜ್ಜನ ಎಡೆ

ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ನಮ್ಮ ಮನೆಯಲ್ಲಿ ಮೊದಲ ಎಡೆ ಮುತ್ತಜ್ಜನಿಗೆ, ಅಂಡಮಾನಿನ ಕರಿನೀರಿಗೆ ಹೋದವನಿಗೆ. ಅವನ ಜಾಡು ಹಿಡಿದು ಅಲ್ಲಿಗೇ ಹೋಗಿ ಬಂದಿದ್ದ ನನ್ನನ್ನು ದೊಡ್ಡಪ್ಪ ಎಲ್ಲರೆದುರು ಕೇಳಿದರು:

“ಬ್ರಿಟಿಷರ ಜೋಡಿ ಹೊಡದಾಡಿದ್ದ, ಹೌದಲ್ಲೋ?”

“ಇಲ್ಲ ದೊಡ್ಡಪ್ಪ. ನಮ್ಮ ಬಾವಿ ನೀರು ಮುಟ್ಟಿದ ಅಂತ ಕೆಳಗಿನ ಕೇರಿಯವನೊಬ್ಬನ್ನ ಬಡದು ಕೊಂದಿದ್ದ.”

ದೊಡ್ಡಪ್ಪ ಮೀಸೆ ತಿರುವಿ, ಮುತ್ತಜ್ಜನ ಎಡೆಗೆ ಇನ್ನೊಂದು ಹೋಳಿಗೆ ಇಟ್ಟರು.

“ಮನಿತನದ ಮರ್ಯಾದಿ ಉಳಿಸ್ಯಾನ. ಆಮ್ಯಾಲೆ?”

“ಬಿಡುಗಡಿ ಆದಮ್ಯಾಲೆ ಅಲ್ಲೇ ಉಳದ. ಶಿಕ್ಷಾ ಮುಗಿಸಿದ ಹೆಣ್ಣಮಗಳೊಬ್ಬಾಕಿನ್ನ ಲಗ್ನ ಆದ. ಆಕಿನೂ ಅಂಥಾದ ಒಂದು ಕೆಳಗಿನ ಕೇರಿಯಾಕಿ. ಕಡೀತನಕಾ ಆಕಿ ಕೈಯಾಗ ಉಂಡ.”

ದೊಡ್ಡಪ್ಪ ಮುಖ ಕಿವುಚಿದರು.

“ಥೂ, ಹೊಲಸು! ಆ ಎಡಿ ತಗದು ನಾಯಿಗೆ ಹಾಕ್ರಿ.”