ಈರಪ್ಪನ ಮೊಣಕಾಲಿನ ನಕ್ಷೆ

ವರ್ಷಕ್ಕೊಮ್ಮೆ ಚಪ್ಪಲಿ ಬದಲಿಸಿದ ಹಾಗೆ ಜನ ಮೊಣಕಾಲು ಬದಲಿಸುವ ಕಾಲ ಅದು. ಕೃತಕ ಮೊಣಕಾಲು ತಯಾರಿಸುವ ಬೆಳಗಾವಿಯ ತನ್ನ ವರ್ಕ್‌ಶಾಪಿನಲ್ಲಿ ನಿಂಗವ್ವ ಅವುಗಳ ನಕ್ಷೆ ತೆಗೆಯುವ ಸಾಫ್ಟ್‌ವೇರ್ ಆರಿಸುತ್ತಿದ್ದಳು. ಪೋಸ್ಟ್‌ಮನ್ ಈರಪ್ಪ ಊರುಗೋಲು ಹಿಡಿದು ತನ್ನ ಹೊಸ ಮೊಣಕಾಲಿಗಾಗಿ ಕಾಯುತ್ತಿದ್ದ.

ಸಾಫ್ಟ್‌ವೇರ್ ಮಾರಲು ಬಂದಿದ್ದ, ಟೈ ಕಟ್ಟಿದ ಏಜೆಂಟ್ ಪರದೆಯ ಮೇಲೆ ಬಣ್ಣದ ಮೊಣಕಾಲನ್ನು ಬುಗುರಿಯಂತೆ ತಿರುಗಿಸಿದ.

"ಚಂದ ಐತಿ, ತೋರಣಕ್ಕ ಕಟ್ಟಬಹುದು," ಎಂದಳು ನಿಂಗವ್ವ. "ಈರಪ್ಪನ ಅಳತಿ ಶೀಟಿನ್ಯಾಗ ನಲವತ್ತೆರಡು ಅಳಸಿ ನಲವತ್ನಾಕು ಮಾಡು."

ಮಾಡಿದ. ಪರದೆಯ ಚಿತ್ರ ಉಬ್ಬಿತು, ಆದರೆ ಅಚ್ಚಾಗಿ ಬಂದ ನಕ್ಷೆಯಲ್ಲಿ ನಲವತ್ತೆರಡೇ ಉಳಿದಿತ್ತು.

"ನಕ್ಷೆ ಕೈಯಿಂದ ತಿದ್ದಬೇಕ್ರೀ, ಅಕ್ಕಾರ."

"ಲೇತ್ ಮಶೀನಿನವ ಲೋಹ ಕಡಿಯೂದು ನಕ್ಷಿ ನೋಡಿ, ನಿನ್ನ ಬಣ್ಣ ನೋಡಿ ಅಲ್ಲ. ಈರಪ್ಪ ಮೆಟ್ಟಲದಾಗ ಬಿದ್ರ ಟಪಾಲು ನೀ ಹಂಚ್ತೀ? ಇರ್ಲಿ, ನೀ ಹಾಕಿಸ್ಕೊಂಡ ಮೊಣಕಾಲಿನ ನಕ್ಷಿ ಯಾವ ಕಂಪನಿ ಸಾಫ್ಟ್‌ವೇರಿಂದು?"

ಅವನು ಬಾಗಿಲಲ್ಲಿ ಸರದಿ ಕಾಯುತ್ತಿದ್ದ ಎದುರಾಳಿ ಕಂಪನಿಯವನ ಕಡೆ ಮೆಲ್ಲಗೆ ನೋಡಿದ. "ಇವರದ್ರೀ."

"ಹಂಗಾರ ಏಳು, ಅವರಿಗೆ ಕುರ್ಚಿ ಬಿಡು."