ಥೇಟ್ ವಕೀಲರ ಹಾಗೇ

ಬಾಡಿಗೆದಾರ ಬಿಟ್ಟುಕೊಡದ ನನ್ನ ಮನೆಯ ಕೇಸು ವರ್ಷಗಟ್ಟಲೆ ಎಳೆದಾಡಿ ಕೊನೆಗೂ ಅಂತಿಮ ವಾದಕ್ಕೆ ಬಂದಿತ್ತು. ವಾದದ ಹಿಂದಿನ ಸಂಜೆ ನಮ್ಮ ವಕೀಲರ ಕಚೇರಿಗೆ ಹೋದಾಗ ಅವರು ಹೊಸ ಕಂಪ್ಯೂಟರಿನ ಮುಂದೆ ಮದುಮಗನಂತೆ ಕೂತಿದ್ದರು.

“ವಾದ ಸಿದ್ಧವಾಯ್ತಾ ಸಾರ್?”

“ಇನ್ಮೇಲೆ ಬರೆಯೋದೆಲ್ಲ ಇದೇ ಅಮ್ಮಾ. ಇಷ್ಟು ವರ್ಷ ನಾನು ಕೋರ್ಟಿಗೆ ಕೊಟ್ಟ ಅರ್ಜಿಗಳನ್ನೆಲ್ಲ ಇದಕ್ಕೆ ಓದಿಸಿದೀನಿ. ಥೇಟ್ ನನ್ನ ಹಾಗೇ ಬರೆಯುತ್ತೆ.”

“ನಿಮ್ಮ ಹಾಗೇನಾ?”

“ಏನಮ್ಮ ಹಾಗಂದ್ರೆ? ನೀವೇ ನೋಡಿ,” ಎಂದು ಅವರು ನನ್ನ ಕೇಸಿನ ನಂಬರು ಹಾಕಿ, ನಾಳೆಗೆ ಬೇಕಾದ್ದನ್ನು ಬರೆಯಲು ಹೇಳಿದರು.

ಪರದೆಯ ಮೇಲೆ ತಕ್ಷಣ ಅಕ್ಷರಗಳು ಮೂಡಿದವು: “ವಕೀಲರಿಗೆ ತೀವ್ರ ಜ್ವರವಿರುವ ಕಾರಣ, ಇನ್ನೊಂದು ವಾಯಿದೆ ದಯಪಾಲಿಸಬೇಕಾಗಿ ಪ್ರಾರ್ಥನೆ.”