ಕಣಿವೆಗೆ ಎಸೆದ ಕೀಲಿ

ಈ ಪರದೇಶ ಬಿಟ್ಟು ತವರಿಗೆ ಹೋಗುತ್ತೇನೆ ಎಂದು ಅವಳು ಬಾಯಿಬಿಟ್ಟ ದಿನದಿಂದ ಅವಳ ಪಾಸ್‌ಪೋರ್ಟು ಗಂಡನ ಹೆಗಲಚೀಲ ಸೇರಿತ್ತು. ಚೀಲದ ಜಿಪ್ಪಿಗೊಂದು ಬೀಗ. ಚೀನಾದ ಈ ಪುರಾತನ ಕಾಡು ನೋಡಲು ಬಂದಾಗಲೂ ಅದು ಅವನ ಹೆಗಲಿನಿಂದ ಇಳಿದಿರಲಿಲ್ಲ.

ಬೆಟ್ಟದಂಚಿಗೆ ಕಟ್ಟಿದ ಸರಪಳಿಯ ತುಂಬ ಬೀಗಗಳು ತೂಗುತ್ತಿದ್ದವು.

"ಗಂಡ ಹೆಂಡ್ತಿ ಬೀಗ ಹಾಕಿ, ಕೀಲಿ ಕಣಿವೆಗೆ ಎಸೀತಾರಂತೆ. ಆಮೇಲೆ ಈ ಜನ್ಮದಲ್ಲಿ ನೀನು ಬಿಟ್ಟುಹೋಗೋ ಹಾಗಿಲ್ಲ," ಎಂದು ಅವನು ನಕ್ಕ.

"ಅಂಗಡೀಲಿ ಬೀಗ ಮಾರ್ತಿದಾರೆ, ತರ್ಲಾ?"

"ಆ ರೇಟಿಗಾ? ನಮ್ದೇ ಇದೆಯಲ್ಲೇ!"

ಅವನು ಚೀಲದ ಬೀಗ ತೆಗೆದು ಸರಪಳಿಗೆ ಜಡಿದ.

"ಚೀಲ ಇಲ್ಲಿ ಕೊಡ್ರೀ, ಕೀಲಿ ದೂರಕ್ಕೆ ಎಸೀರಿ," ಎಂದಳು ಅವಳು.

ಕೀಲಿ ಎಲ್ಲಿ ಬಿತ್ತೆಂದು ಅವನು ಕಣಿವೆಗೆ ಬಾಗಿ ನೋಡುತ್ತಿದ್ದಾಗ, ಅವಳು ಮೆಲ್ಲಗೆ ಜಿಪ್ಪು ಎಳೆದಳು.